ಜಂಕ್ಷನ್ ಊರಿನ ಚಂದಾ ರಸೀದಿ

1974ರ ಮೇ 8, ಬುಧವಾರ. ಬೆಳಿಗ್ಗೆ ಆರು ಗಂಟೆಗೆ ದೇಶದ ರೈಲ್ವೆ ನೌಕರರೆಲ್ಲ ಕೆಲಸ ನಿಲ್ಲಿಸಬೇಕೆಂದು ಕರೆ ಹೋಗಿತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗಿನ್ನೂ ಆರು ತಿಂಗಳು. ಕರೆ ಕೊಟ್ಟವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಆದರೆ ಆ ಬೆಳಿಗ್ಗೆಯ ಹೊತ್ತಿಗೆ ಅವರು ಜೈಲು ಸೇರಿ ಆರು ದಿನವಾಗಿತ್ತು. ಮುಷ್ಕರ 20 ದಿನ ನಡೆಯಿತು. ಕಾಯಂ ನೌಕರರು, ಕ್ಯಾಜುಯಲ್ ಕೂಲಿಗಳು ಎಲ್ಲ ಸೇರಿ 17 ಲಕ್ಷದಷ್ಟು ಜನ ದುಡಿಯುತ್ತಿದ್ದ ರೈಲ್ವೆಯಲ್ಲಿ ಅಷ್ಟು ದೊಡ್ಡ ಮುಷ್ಕರ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಈ ಕಥೆಯನ್ನು ದೆಹಲಿಯಲ್ಲಿ ನಿಂತು ಹೇಳಿದವರು ಬಹಳ ಮಂದಿ. ಇಂದಿರಾ ಗಾಂಧಿ, ಜಾರ್ಜ್, ಮರುವರ್ಷದ ತುರ್ತುಪರಿಸ್ಥಿತಿ ಎಂದು ಕಥೆ ಮೇಲ್ಮೇಲೇ ಓಡುತ್ತದೆ. ಅರಸೀಕೆರೆಯಂಥ ಜಂಕ್ಷನ್ ಊರಿನಿಂದ ನೋಡಿದರೆ ಪ್ರಶ್ನೆಗಳೇ ಬೇರೆ. ತಿಂಗಳು ತಿಂಗಳು ಸಂಘಕ್ಕೆ ಚಂದಾ ಕೊಟ್ಟ ಮನುಷ್ಯ ಯಾವ ಲೆಕ್ಕದ ಮೇಲೆ ಕೊಟ್ಟ? ಯಾವತ್ತು ಕೊಡುವುದನ್ನು ನಿಲ್ಲಿಸಿದ? ನಿಲ್ಲಿಸಿದವನಿಗೆ ನಷ್ಟವಾಯಿತೋ, ಕೊಟ್ಟವನಿಗೋ?

ಅರಸೀಕೆರೆ ಎಂದರೆ ಹೊರಗಿನವರಿಗೆ ತೆಂಗು, ಕೊಬ್ಬರಿ ಮಂಡಿ, ಹೊಯ್ಸಳರ ಕಾಲದ ಶಿವಾಲಯ. ಇಲ್ಲವೇ ಹಳೇಬೀಡು, ಬೇಲೂರಿಗೆ ಹೋಗುವವರು ರೈಲಿಳಿದು ಬಸ್ಸು ಹಿಡಿಯುವ ಜಾಗ. ರೈಲ್ವೆಯವರ ಕಣ್ಣಿಗೆ ಅದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗಕ್ಕೆ ಹಾಸನ, ಮೈಸೂರು ಕಡೆಯ ಹಳಿ ಬಂದು ಕೂಡುವ ಸ್ಥಳ, ಡ್ರೈವರ್–ಗಾರ್ಡ್‌ಗಳು ಬದಲಾಗುವ ಸ್ಟೇಷನ್. ಮುಖ್ಯ ಮಾರ್ಗ 1880ರ ದಶಕದ್ದು, ಸದರ್ನ್ ಮರಾಠಾ ಕಂಪನಿ ಹಾಕಿದ್ದು. ಮೈಸೂರು ಕಡೆಯ ಹಳಿಯನ್ನು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕೊನೆಯ ವರ್ಷಗಳಲ್ಲಿ, 1918ರ ಸುಮಾರಿಗೆ, ಸಂಸ್ಥಾನವೇ ಹಾಕಿಸಿತು. ಬೆಂಗಳೂರು–ಹರಿಹರ ಭಾಗವನ್ನು ಕಂಪನಿ ಸಂಸ್ಥಾನಕ್ಕೆ ಬಿಟ್ಟುಕೊಟ್ಟದ್ದು 1938ರಲ್ಲಿ. ಅಂದರೆ ಇಪ್ಪತ್ತು ವರ್ಷದಷ್ಟು ಕಾಲ ಒಂದೇ ಜಂಕ್ಷನ್ನಿಗೆ ಎರಡು ಯಜಮಾನಿಕೆ: ಒಂದು ಹಳಿ ಮದ್ರಾಸಿನ ಕಂಪನಿಯದು, ಇನ್ನೊಂದು ಮಹಾರಾಜರ ಸರ್ಕಾರದ್ದು.

ಸಂಘದ ವಿಷಯಕ್ಕೆ ಬಂದರೆ ಈ ವ್ಯತ್ಯಾಸ ಸಣ್ಣದಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲೇ ಕಾರ್ಮಿಕ ಸಂಘಗಳ ಕಾಯ್ದೆ ಬಂದಿತ್ತು. ಏಳು ಜನ ಸೇರಿ ಅರ್ಜಿ ಹಾಕಿದರೆ ಸಂಘ ನೋಂದಣಿಯಾಗುತ್ತಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 1924ರಲ್ಲಿ, ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ ಹುಟ್ಟಿತ್ತು. ಸಂಸ್ಥಾನದಲ್ಲಿ ಕಾರ್ಮಿಕರ ಸಂಘಕ್ಕೆ ಕಾನೂನಿನ ಬಾಗಿಲು ತೆರೆದದ್ದು 1941ರಲ್ಲಿ, ಯುದ್ಧದ ನಡುವೆ, ಬೆಂಗಳೂರಿನ ಗಿರಣಿಗಳಲ್ಲೂ ಕೋಲಾರದ ಗಣಿಗಳಲ್ಲೂ ಗಲಾಟೆ ಮಿತಿಮೀರಿದ ಮೇಲೆ. ಸ್ವಾತಂತ್ರ್ಯದ ನಂತರ ಸಂಸ್ಥಾನದ ರೈಲ್ವೆ ಕೇಂದ್ರದ ಕೈಗೆ ಹೋಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಆಯಿತು. ನೌಕರ ಈಗ ಭಾರತ ಸರ್ಕಾರದ ಆಳು. ಸಂಘಗಳೂ ಅಖಿಲ ಭಾರತದ್ದಾದವು.

ಆ ಕಾಲದ ಸಂಬಳದ ದಿನವನ್ನು ನೆನೆಸಿಕೊಂಡರೆ ಸಂಘ ಹೇಗೆ ನಡೆಯುತ್ತಿತ್ತು ಎನ್ನುವುದು ಅರ್ಥವಾಗುತ್ತದೆ. ಸಂಬಳ ನಗದು. ಪೇ ಕ್ಲರ್ಕ್ ಹೆಸರು ಕೂಗುತ್ತಾನೆ. ಗ್ಯಾಂಗ್‌ಮನ್ ಹೆಬ್ಬೆಟ್ಟು ಒತ್ತಿ ನೋಟು ಎಣಿಸಿಕೊಂಡು ಈಚೆ ಬರುತ್ತಾನೆ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಸಂಘದವನು ರಸೀದಿ ಪುಸ್ತಕ ಹಿಡಿದು ನಿಂತಿರುತ್ತಾನೆ, ಅವನ ಪಕ್ಕದಲ್ಲೇ ಸೊಸೈಟಿ ಸಾಲದವನು, ಇನ್ನೂ ಒಂದಿಷ್ಟು ದೂರಕ್ಕೆ ಬಡ್ಡಿಯವನು. ಕಾರ್ಮಿಕ ಸಂಘಗಳ ಕಾಯ್ದೆಗೆ 1960ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂಘದ ಚಂದಾ ತಿಂಗಳಿಗೆ 25 ಪೈಸೆಗಿಂತ ಕಡಿಮೆ ಇರುವಂತಿರಲಿಲ್ಲ. ನಾಲ್ಕಾಣೆ. ಈ ನಾಲ್ಕಾಣೆ ಉಳಿಸಲಿಕ್ಕೆ ಯಾರೂ ಸಂಘ ಬಿಡುವುದಿಲ್ಲ. ಎರಡು ಸಂಘದವರು ನಿಂತಿದ್ದರೆ ಇಬ್ಬರಿಗೂ ಕೊಟ್ಟು ಎರಡೂ ರಸೀದಿ ಟ್ರಂಕಿಗೆ ಸೇರಿಸಿದವರಿದ್ದರು. ಹೀಗಾಗಿ ಆ ಕಾಲದ ಸಂಘಗಳು ಹೇಳಿಕೊಂಡ ಸದಸ್ಯರ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ರಸೀದಿ ಇದ್ದ ಮಾತ್ರಕ್ಕೆ ಆ ಮನುಷ್ಯ ಸಂಘದವನು ಎನ್ನುವಂತಿರಲಿಲ್ಲ.

ನಾಲ್ಕಾಣೆಗೆ ಸಿಗುತ್ತಿದ್ದುದೇನು? ದೊಡ್ಡ ಬೇಡಿಕೆಗಳು ಭಿತ್ತಿಪತ್ರದ ಮೇಲಿದ್ದವು. ನೌಕರನಿಗೆ ಬೇಕಿದ್ದದ್ದು ಸಣ್ಣ ಸಂಗತಿಗಳು. ಮಗಳು ಸ್ಕೂಲು ಮುಗಿಸುವ ತನಕ ವರ್ಗಾವಣೆ ತಡೆಯಬೇಕು. ಕ್ವಾರ್ಟರ್ಸ್ ಪಟ್ಟಿಯಲ್ಲಿ ತನ್ನ ಹೆಸರು ಕೆಳಗಿಳಿಯದ ಹಾಗೆ ನೋಡಿಕೊಳ್ಳಬೇಕು. ಬಾಕಿ ಉಳಿದ ಟಿ.ಎ. ಬಿಲ್ಲು ಪಾಸಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಚಾರ್ಜ್‌ಶೀಟ್ ಕೈಗೆ ಬಂದ ದಿನ ಅದಕ್ಕೆ ಉತ್ತರ ಬರೆದುಕೊಡುವ, ವಿಚಾರಣೆಯಲ್ಲಿ ಪಕ್ಕದಲ್ಲಿ ಕೂರುವ ಒಬ್ಬ ಇಂಗ್ಲಿಷ್ ಬಲ್ಲವನು ಬೇಕು. ಸಿಗ್ನಲ್ ದಾಟಿದ ಡ್ರೈವರ್, ಪಾಯಿಂಟ್ಸ್ ತಪ್ಪಿಸಿದ ಪಾಯಿಂಟ್ಸ್‌ಮನ್, ರಜೆ ಮೀರಿ ಊರಲ್ಲಿ ಉಳಿದ ಗ್ಯಾಂಗ್‌ಮನ್‌ಗೆ ಅಂಥವನು ದೇವರ ಸಮಾನ. ಬ್ರಾಂಚ್ ಸೆಕ್ರೆಟರಿ ಮೈಸೂರಿನ ಡಿವಿಷನ್ ಆಫೀಸಿಗೆ ಹೋಗಿ ಬಂದ ಎಂದರೆ ಹತ್ತಾರು ಮನೆಗಳಲ್ಲಿ ಕಾಯುತ್ತಿದ್ದರು.

ಸರ್ಕಾರಕ್ಕೂ ಇದು ಗೊತ್ತಿತ್ತು. 1952ರಲ್ಲಿ ಶುರುವಾದ ಶಾಶ್ವತ ಮಾತುಕತೆಯ ವ್ಯವಸ್ಥೆಯಲ್ಲಿ ಮಾನ್ಯತೆ ಪಡೆದ ಸಂಘಗಳಿಗೆ ಮಾತ್ರ ಅಧಿಕಾರಿಗಳ ಎದುರು ಕುರ್ಚಿ. ಅವರ ಪದಾಧಿಕಾರಿಗಳಿಗೆ ವಿಶೇಷ ರಜೆ, ಓಡಾಡಲು ಪಾಸು, ಕೂರಲು ಕೋಣೆ. ಮಾನ್ಯತೆ ಇಲ್ಲದ ಸಂಘದ ಕಾಗದಕ್ಕೆ ಉತ್ತರವೂ ಬರುತ್ತಿರಲಿಲ್ಲ. ನೌಕರ ಮಾನ್ಯತೆ ಇದ್ದಲ್ಲಿಗೇ ಹೋಗುತ್ತಿದ್ದ, ಸಹಜ. ಆದರೆ ಪಾಸಿನಲ್ಲಿ ಓಡಾಡಿ ಓಡಾಡಿ ಮುಖಂಡನ ಮೈಯಲ್ಲಿ ಕಲ್ಲಿದ್ದಲ ವಾಸನೆ ಹೋಗಿಬಿಡುತ್ತಿತ್ತು. ಅವನ ಮಾತು ಅಧಿಕಾರಿಯ ಮಾತಿನ ಹಾಗೆ ಕೇಳತೊಡಗಿದಾಗ ಜನ ಬೇರೆ ಬಾಗಿಲು ಹುಡುಕಿದರು.

ಮೊದಲು ಹುಡುಕಿದವರು ಇಂಜಿನ್ ಮೇಲಿನವರು. ಉಗಿಬಂಡಿಯ ಫೈರ್‌ಮನ್‌ನ ಕೆಲಸ ಹೀಗಿತ್ತು. ನಡುರಾತ್ರಿ ಕಾಲ್‌ಬಾಯ್ ಮನೆ ಬಾಗಿಲು ಬಡಿಯುತ್ತಾನೆ, ಪುಸ್ತಕ ಮುಂದೆ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾನೆ. ತಲೆಗೆ ವಸ್ತ್ರ ಸುತ್ತಿ ಶೆಡ್ಡಿಗೆ ಹೋದರೆ ಮತ್ತೆ ಮನೆ ಯಾವಾಗ ಎಂಬುದು ಕ್ರಾಸಿಂಗ್ ಮೇಲೆ, ಗೂಡ್ಸಿನ ತೂಕದ ಮೇಲೆ, ದೂರದ ಕಂಟ್ರೋಲರ್‌ನ ಮರ್ಜಿಯ ಮೇಲೆ. ಮುಂದೆ ಬೆಂಕಿ, ಹಿಂದೆ ಗಾಳಿ. ಒಂದೊಂದು ಸಲಿಕೆ ಕಲ್ಲಿದ್ದಲನ್ನೂ ಒಲೆಯ ಯಾವ ಮೂಲೆಗೆ ಎಸೆಯಬೇಕೋ ಅಲ್ಲಿಗೇ ಎಸೆಯಬೇಕು. ತಪ್ಪಿದರೆ ಏರಿನಲ್ಲಿ ಉಗಿ ಇಳಿದು ಡ್ರೈವರ್‌ನ ಬಾಯಿ ಏರುತ್ತದೆ. ಹದಿನಾಲ್ಕು, ಹದಿನಾರು ಗಂಟೆ ನಿಂತೇ ದುಡಿದು, ಲೈನ್‌ಬಾಕ್ಸ್ ಇಳಿಸಿ, ಪರಊರಿನ ರನ್ನಿಂಗ್ ರೂಮಿನಲ್ಲಿ ಅನ್ನ ಬೇಯಿಸಿಕೊಂಡು ಮಲಗುವುದು. ಎಂಟು ಗಂಟೆಯ ದುಡಿಮೆ ಎಂಬ ಮಾತು ಲೋಕಕ್ಕೆಲ್ಲ ಹಳೆಯದಾಗಿತ್ತು. ಇಲ್ಲಿ ಅದನ್ನು ಹೇಳಿದವನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಇವರ ದೂರು ದೊಡ್ಡ ಸಂಘಗಳಲ್ಲಿ ಗುಮಾಸ್ತರ ದೂರಿನ ಕೆಳಗೆ ಹೂತುಹೋಗುತ್ತಿತ್ತು. ಆದ್ದರಿಂದ ಡ್ರೈವರ್, ಫೈರ್‌ಮನ್‌ಗಳು ತಮ್ಮದೇ ಲೋಕೋ ರನ್ನಿಂಗ್ ಸ್ಟಾಫ್ ಅಸೋಸಿಯೇಷನ್ ಕಟ್ಟಿದರು. ಮಾನ್ಯತೆ ಇಲ್ಲ, ಪಾಸಿಲ್ಲ, ಕೋಣೆಯಿಲ್ಲ. ಇದ್ದದ್ದು ಒಂದೇ: ಇವರು ಇಂಜಿನ್ ಹತ್ತದಿದ್ದರೆ ರೈಲು ಹೊರಡುವುದಿಲ್ಲ. 1973ರ ಆಗಸ್ಟ್‌ನಲ್ಲಿ ಅದನ್ನು ಮಾಡಿ ತೋರಿಸಿದರು. ರೈಲ್ವೆ ಮಂತ್ರಿ ಎಲ್.ಎನ್. ಮಿಶ್ರಾ 10 ಗಂಟೆಯ ಡ್ಯೂಟಿಗೆ ಒಪ್ಪಬೇಕಾಯಿತು. ಮಾನ್ಯತೆ ಇಲ್ಲದವರು ಬೀದಿಯಲ್ಲಿ ಗೆದ್ದರು, ಮಾನ್ಯತೆ ಇದ್ದವರು ಕುರ್ಚಿಯಲ್ಲಿ ಕೂತು ನೋಡಿದರು. ಮರುವರ್ಷದ ಮಹಾಮುಷ್ಕರಕ್ಕೆ ಕಿಡಿ ಹೊತ್ತಿದ್ದು ಇಲ್ಲಿ ಎಂಬುದು ನನ್ನ ಎಣಿಕೆ. ಸದಸ್ಯರು ಕೈಬಿಟ್ಟು ಹೋಗುತ್ತಿದ್ದಾರೆ ಎಂಬ ಭಯ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿಗೆ ಹುಟ್ಟದೆ ಇದ್ದಿದ್ದರೆ ಅದು ಜಾರ್ಜ್ ಫರ್ನಾಂಡಿಸರಂಥವರನ್ನು ಅಧ್ಯಕ್ಷರ ಪೀಠಕ್ಕೆ ತರುತ್ತಿರಲಿಲ್ಲ.

ಜಾರ್ಜ್ ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ ಹುಡುಗ. ಅಲ್ಲಿಂದ ಹೊರಬಿದ್ದು, ಮಂಗಳೂರಿನಲ್ಲಿ ಹೋಟೆಲು ಮಾಣಿಗಳನ್ನೂ ಬಸ್ಸಿನವರನ್ನೂ ಸಂಘಟಿಸಿ, ಬೊಂಬಾಯಿಗೆ ಹೋಗಿ ಬಂದರಿನ ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಕೈಕೆಳಗೆ ಪಳಗಿದವರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿ ದೇಶಕ್ಕೆಲ್ಲ ಹೆಸರಾಗಿದ್ದರು. 1973ರ ಕೊನೆಗೆ ಫೆಡರೇಷನ್ನಿನ ಅಧ್ಯಕ್ಷರಾದರು. ಆಗ ಬೆಲೆಗಳು ವರ್ಷಕ್ಕೆ ಶೇಕಡ 20ರ ಮೇಲೆ ಏರುತ್ತಿದ್ದವು. ಮೂರನೆಯ ವೇತನ ಆಯೋಗ ಕನಿಷ್ಠ ಸಂಬಳ 185 ರೂಪಾಯಿ ಎಂದಿತ್ತು; ಸರ್ಕಾರ 196ಕ್ಕೆ ಏರಿಸಿತ್ತು. ಕಾರ್ಖಾನೆಯ ಕಾರ್ಮಿಕರಿಗೆ ಶೇಕಡ 8.33 ಬೋನಸ್ ಕಾನೂನಿನ ಹಕ್ಕು. ರೈಲ್ವೆಯವರಿಗೆ ಅದಿಲ್ಲ, ಯಾಕೆಂದರೆ ಅವರು ಸರ್ಕಾರಿ ನೌಕರರು. ಸರ್ಕಾರಿ ನೌಕರರ ಹಾಗೆ ಹತ್ತರಿಂದ ಐದರ ಕೆಲಸ ಕೇಳಿದರೆ ಅದೂ ಇಲ್ಲ, ಯಾಕೆಂದರೆ ರೈಲು ನಿಲ್ಲುವಂತಿಲ್ಲ.

1974ರ ಫೆಬ್ರವರಿ 27ರಂದು ಹೋರಾಟದ ರಾಷ್ಟ್ರೀಯ ಸಮನ್ವಯ ಸಮಿತಿ ಹುಟ್ಟಿತು. ಸಮಾಜವಾದಿ, ಕಮ್ಯುನಿಸ್ಟ್, ಜನಸಂಘದ ಒಲವಿನ ಸಂಘಗಳು, ಲೋಕೋದವರು, ಸ್ಟೇಷನ್ ಮಾಸ್ತರರು, ಎಲ್ಲರೂ ಒಳಗೆ. ಕಾಂಗ್ರೆಸ್ಸಿನ ಇಂಟಕ್ ಕಡೆಯ ಎನ್‌ಎಫ್‌ಐಆರ್ ಮಾತ್ರ ಹೊರಗೆ. ಬೋನಸ್, ಎಂಟು ಗಂಟೆಯ ಕೆಲಸ, ಬೆಲೆಗೆ ತಕ್ಕ ತುಟ್ಟಿಭತ್ಯೆ, ಅಗ್ಗದ ದವಸ, ಕ್ಯಾಜುಯಲ್ ಕೂಲಿಗಳ ಕಾಯಮಾತಿ: ಇವು ಬೇಡಿಕೆ. ಏಪ್ರಿಲ್ 23ಕ್ಕೆ ನೋಟೀಸ್. ಮಾತುಕತೆ ನಡೆಯುತ್ತಿದ್ದಾಗಲೇ ಮೇ 2ರ ಬೆಳಗಿನ ಜಾವ ಲಖನೌದಲ್ಲಿ ಜಾರ್ಜ್ ಬಂಧನ.

ಆ ಬಂಧನದ ಸುದ್ದಿಯೇ ಹಿಂದೆ ಮುಂದೆ ನೋಡುತ್ತಿದ್ದ ಎಷ್ಟೋ ಜನರನ್ನು ಮುಷ್ಕರಕ್ಕೆ ತಳ್ಳಿತು. ಸಂಘಕ್ಕೆ ಸೇರುವ ಕಾರಣಗಳಲ್ಲಿ ಸಿಟ್ಟಿಗೆ ದೊಡ್ಡ ಪಾಲಿದೆ. ಲೆಕ್ಕಾಚಾರದ ಪುಸ್ತಕಗಳು ಇದನ್ನು ಸಾಕಷ್ಟು ಹೇಳುವುದಿಲ್ಲ. 1965ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ ಒಂದು ಪ್ರಸಿದ್ಧ ವಾದ ಹೂಡಿದ್ದ. ಸಂಘ ಗೆದ್ದರೆ ಫಲ ಸದಸ್ಯರಲ್ಲದವರಿಗೂ ಸಿಗುತ್ತದೆ. ಹಾಗಿದ್ದಮೇಲೆ ಬುದ್ಧಿವಂತ ಯಾಕೆ ಚಂದಾ ಕೊಟ್ಟು ತೊಂದರೆ ಮೈಮೇಲೆ ಹಾಕಿಕೊಳ್ಳುತ್ತಾನೆ ಎಂದು. ಆ ಲೆಕ್ಕದ ಪ್ರಕಾರ ಮೇ 8ರಂದು ಯಾರೂ ಹೊರಬರಬಾರದಿತ್ತು. ಲಕ್ಷಾಂತರ ಜನ ಬಂದರು.

ಸರ್ಕಾರದ ಏಟು ಬಿದ್ದದ್ದು ಸ್ಟೇಷನ್ನಿಗಿಂತ ಹೆಚ್ಚಾಗಿ ಕ್ವಾರ್ಟರ್ಸಿಗೆ. ಜಂಕ್ಷನ್ ಊರಿನ ರೈಲ್ವೆ ನೌಕರನಿಗೆ ಮನೆ, ನೀರು, ದೀಪ, ಆಸ್ಪತ್ರೆ ಎಲ್ಲ ರೈಲ್ವೆಯದೇ. ದೇಶದ ರೈಲ್ವೆ ಕಾಲೊನಿಗಳಲ್ಲಿ ಪೊಲೀಸರು ಮನೆ ಮನೆಗೆ ನುಗ್ಗಿದರು. ಸಂಸಾರಗಳನ್ನು ಸಾಮಾನಿನ ಸಮೇತ ಹೊರಹಾಕಿದರು. ಆಂತರಿಕ ಭದ್ರತಾ ಕಾಯ್ದೆ (ಮೀಸಾ), ಭಾರತ ರಕ್ಷಣಾ ನಿಯಮದ ಕೆಳಗೆ ಸಾವಿರಾರು ಬಂಧನ. ಪ್ರಾದೇಶಿಕ ಸೇನೆಯವರನ್ನು ತಂದು ಕೆಲವು ರೈಲು ಓಡಿಸಿದರು. ಅದಕ್ಕಿಂತ ಹರಿತವಾದ ಆಯುಧ ಒಂದು ಪುಟ್ಟ ನಿಯಮ: ಶಿಸ್ತು ಮತ್ತು ಮೇಲ್ಮನವಿ ನಿಯಮಗಳ 14(2). ವಿಚಾರಣೆ ನಡೆಸುವುದು ಸಾಧ್ಯವಿಲ್ಲ ಎಂದು ಅಧಿಕಾರಿ ಒಂದು ಸಾಲು ಬರೆದರೆ ಸಾಕು, ನೌಕರ ವಜಾ. ಚಾರ್ಜ್‌ಶೀಟೇ ಇಲ್ಲದಿದ್ದ ಮೇಲೆ ಅದಕ್ಕೆ ಉತ್ತರ ಬರೆದುಕೊಡುವವನು ಏನು ಮಾಡಿಯಾನು? ನಾಲ್ಕಾಣೆಯ ಭರವಸೆಯ ಬುಡವೇ ಅಲುಗಿತು.

ಮೇ 18ರಂದು ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಯಿತು. ಮುಷ್ಕರ ಪತ್ರಿಕೆಗಳ ಮುಖಪುಟದಿಂದ ಕೆಳಗಿಳಿಯಿತು. ಮೇ 27ರಂದು ಸಮಿತಿ ಯಾವ ಒಪ್ಪಂದವೂ ಇಲ್ಲದೆ ಮುಷ್ಕರ ವಾಪಸ್ ತೆಗೆದುಕೊಂಡಿತು.

ಇನ್ನು ಲಾಯಲ್‌ಗಳ ಕಥೆ. ಮುಷ್ಕರದಲ್ಲಿ ಕೆಲಸಕ್ಕೆ ಹೋದವರಿಗೆ ರೈಲ್ವೆ ಇಟ್ಟ ಹೆಸರು ಅದು. ಅವರಿಗೆ ಮುಂಗಡ ಇನ್‌ಕ್ರಿಮೆಂಟ್ ಕೊಟ್ಟರು, ಎಷ್ಟೋ ಜನರ ಮಕ್ಕಳಿಗೆ ಕೆಲಸ ಕೊಟ್ಟರು. ಹೊರಬಂದವರಿಗೆ ಬ್ರೇಕ್ ಇನ್ ಸರ್ವಿಸ್: ಹಿಂದಿನ ವರ್ಷಗಳ ಸೇವೆಯೇ ಲೆಕ್ಕಕ್ಕಿಲ್ಲ, ಪಿಂಚಣಿಗೆ ಕತ್ತರಿ. ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಎರಡು ಮನೆ, ಒಂದರ ಹುಡುಗ ಅಪ್ಪನ ನಿಷ್ಠೆಗೆ ನೌಕರಿ ಹಿಡಿದ, ಇನ್ನೊಂದರ ಅಪ್ಪ ಮನೆ ಖಾಲಿ ಮಾಡಿದ. ಇಂಥ ಗಾಯ ಇಂಕಿಲಾಬ್ ಕೂಗಿದರೆ ಮಾಯುವುದಿಲ್ಲ. ಹಾಗೆಂದು ಕೆಲಸಕ್ಕೆ ಹೋದವರನ್ನೆಲ್ಲ ಹೇಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾಯಿಲೆಯ ತಾಯಿ, ನಿಶ್ಚಯವಾದ ಮದುವೆ, ಬಡ್ಡಿಯವನ ಸಾಲ: ಒಂದು ಮನೆಯನ್ನು 20 ದಿನ ಸಂಬಳವಿಲ್ಲದೆ ನಡೆಸುವುದು ಭಾಷಣದಷ್ಟು ಸುಲಭವಲ್ಲ. ಆದರೆ ಮಗನಿಗೆ ನೌಕರಿ ಸಿಕ್ಕಿದ ಮೇಲೆ ಅದೇ ಮುಷ್ಕರ ತಂದ ಬೋನಸ್ಸಿಗೂ ಕೈಚಾಚಿದಾಗ ಪಕ್ಕದ ಮನೆಯವನಿಗೆ ಏನನಿಸಿರಬಹುದು?

ಬೋನಸ್ ಬಂತು. 1977ರಲ್ಲಿ ಜನತಾ ಸರ್ಕಾರ ಬಂದು ಮಧು ದಂಡವತೆ ರೈಲ್ವೆ ಮಂತ್ರಿಯಾದರು. ವಜಾ ಆಗಿದ್ದವರನ್ನು ವಾಪಸ್ ಕರೆಸಿದರು. 1979ರಲ್ಲಿ ಚರಣ್ ಸಿಂಗ್ ಪ್ರಧಾನಿಯಾಗಿದ್ದಾಗ ರೈಲ್ವೆಯವರಿಗೆ ಉತ್ಪಾದಕತೆ ಆಧಾರಿತ ಬೋನಸ್ ಘೋಷಣೆಯಾಯಿತು. ಈಗ ದಸರೆಗೆ ಮುಂಚೆ 78 ದಿನದ ಬೋನಸ್, ಹೆಚ್ಚೆಂದರೆ 17,951 ರೂಪಾಯಿ, ಎಂದು ವರ್ಷ ವರ್ಷ ಪತ್ರಿಕೆಯಲ್ಲಿ ಬರುತ್ತದೆಯಲ್ಲ, ಅದರ ಬೇರು ಇಲ್ಲಿದೆ. ಸೋತ ಮುಷ್ಕರ ಐದು ವರ್ಷದ ಮೇಲೆ ಗೆದ್ದಿತು. ಅಷ್ಟರಲ್ಲಿ ಎಷ್ಟೋ ಜನ ಬೇಸತ್ತು ಸಂಘದಿಂದ ದೂರ ಸರಿದಾಗಿತ್ತು.

ಸರಿದವರು ಎಲ್ಲಿಗೆ ಹೋದರು? ಮನೆಗೆ ಹೋದವರು ಕಡಿಮೆ. ಮುಷ್ಕರ ವಿರೋಧಿಸಿದ್ದ ಸಂಘಕ್ಕೇ ಹೋದವರು ಜಾಸ್ತಿ, ಯಾಕೆಂದರೆ ಅಧಿಕಾರಿಯ ಬಾಗಿಲು ಆಗ ತೆರೆಯುತ್ತಿದ್ದುದು ಅವರಿಗೇ. ಇದನ್ನು ನಂಬಿಕೆದ್ರೋಹ ಎಂದು ಎಡಪಂಥೀಯರು ಬಯ್ದರು. ನನಗೆ ಹಾಗೆ ಕಾಣುವುದಿಲ್ಲ. ಬಾವುಟದ ಬಣ್ಣ ನೋಡಿ ಸಂಘ ಸೇರಿದವರು ಎಂದಿಗೂ ಹತ್ತರಲ್ಲಿ ಒಬ್ಬರೋ ಇಬ್ಬರೋ; ಉಳಿದವರು ಬಾಗಿಲು ನೋಡಿ ಸೇರಿದವರು. ಲೋಕೋದವರು 1981ರ ಜನವರಿಯಲ್ಲಿ ಮತ್ತೊಮ್ಮೆ ಮುಷ್ಕರ ಹೂಡಿ ಮತ್ತೆ 14(2)ರ ಬಾಯಿಗೆ ಬಿದ್ದರು. ವಿಚಾರಣೆ ಇಲ್ಲದ ವಜಾಕ್ಕೆ 1985ರಲ್ಲಿ ತುಳಸೀರಾಂ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮುದ್ರೆ ಒತ್ತಿತು.

ಅದೇ 1985ರಲ್ಲಿ ಇಂದರ್‌ಪಾಲ್ ಯಾದವ್ ಪ್ರಕರಣದಲ್ಲಿ ಅದೇ ಕೋರ್ಟು, ಯೋಜನೆಗಳಲ್ಲಿ 360 ದಿನ ದುಡಿದ ಕ್ಯಾಜುಯಲ್ ಕೂಲಿಗಳಿಗೆ ತಾತ್ಕಾಲಿಕ ನೌಕರರ ಸ್ಥಾನ ಕೊಡುವ ಯೋಜನೆಯನ್ನು ಒಪ್ಪಿತು. ನಮ್ಮ ಕಡೆ ಇದರ ಅರ್ಥ ಗೊತ್ತಾಗಬೇಕಾದರೆ 1979ರಲ್ಲಿ ಮುಗಿದ ಹಾಸನ–ಮಂಗಳೂರು ಮಾರ್ಗವನ್ನು ನೆನೆಯಬೇಕು. ಸಕಲೇಶಪುರದ ಘಾಟಿಯಲ್ಲಿ ಸುರಂಗ ಕೊರೆದು, ಸೇತುವೆ ಎಬ್ಬಿಸಿ, ಮಳೆಯಲ್ಲಿ ಟೆಂಟು ಹೊಡೆದುಕೊಂಡು ವರ್ಷಗಟ್ಟಲೆ ಬಾಳಿದವರಿಗೆ ರೈಲ್ವೆಯ ದೃಷ್ಟಿಯಲ್ಲಿ ಕೆಲಸ ದಿನದ್ದು. 1974ರ ಬೇಡಿಕೆ ಪಟ್ಟಿಯಲ್ಲಿ ಇಂಥವರು ಇದ್ದರು. ಕೆಲಸ ಕಳೆದುಕೊಳ್ಳುವವರಲ್ಲಿ ಮೊದಲಿಗರೂ ಇಂಥವರೇ, ಮನೆಗೆ ಕಳಿಸಲಿಕ್ಕೆ 14(2) ಕೂಡ ಬೇಕಿರಲಿಲ್ಲ.

ಇದೇ ಪ್ರಶ್ನೆಗಳನ್ನು ರೈಲ್ವೆಯ ಆಚೆಗೂ ಕೇಳಬಹುದು. ಅರಸೀಕೆರೆಯಿಂದ ಬಸ್ಸು ಹತ್ತಿದರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ಬೇಲೂರು ದಾಟಿ ಅರೇಹಳ್ಳಿ, ಬಿಕ್ಕೋಡಿನ ಕಡೆ ತಿರುಗಿದರೆ ತೆಂಗು ಮುಗಿದು ಕಾಫಿ ಶುರು.

ಕಾಫಿ ತೋಟದ ಕೂಲಿಗೆ ಸಂಘ ಸೇರುವುದು ರೈಲ್ವೆಯವನಿಗಿಂತ ಕಷ್ಟದ ಮಾತಾಗಿತ್ತು. ಘಟ್ಟದ ಕೆಳಗಿಂದ ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದ ಆಳು, ಸ್ಥಳೀಯ ದಲಿತ ಕುಟುಂಬದ ಹೆಂಗಸು, ಇಬ್ಬರೂ ಇರುವುದು ಯಜಮಾನರ ಲೈನ್‌ಮನೆಯಲ್ಲಿ. ರಸೀದಿ ಹರಿಸಿಕೊಂಡ ಸುದ್ದಿ ತೋಟದ ರೈಟರ್ ಕಿವಿಗೆ ಸಂಜೆಯೊಳಗೆ ತಲುಪುತ್ತದೆ. ಕೆಲಸ ಹೋದರೆ ಮನೆಯೂ ಹೋಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಬಂದು ಮನೆ, ಔಷಧಿ, ಕೂಸಿನ ಮನೆ ಕಡ್ಡಾಯವಾದ ಮೇಲೆ ದೊಡ್ಡ ಎಸ್ಟೇಟುಗಳಲ್ಲಿ ಎಐಟಿಯುಸಿ, ಇಂಟಕ್, ಆಮೇಲೆ ಸಿಐಟಿಯು ಸಂಘಗಳು ಕಾಲೂರಿದವು. ಕಾನೂನಿನಲ್ಲಿ ಬರೆದದ್ದನ್ನು ಕೇಳಿ ಪಡೆಯಲಿಕ್ಕೆ ಯಾರಾದರೂ ಬೇಕಿತ್ತು. ಕಾಯ್ದೆಯ ಗೆರೆ ಮಾತ್ರ ತಿದ್ದುಪಡಿಯ ನಂತರವೂ 5 ಹೆಕ್ಟೇರಿಗೆ, 15 ಆಳಿಗೆ ನಿಂತಿತ್ತು. ಬೇಲೂರು ಸೀಮೆಯ ಹೆಚ್ಚಿನ ಬೆಳೆಗಾರರು ಸಣ್ಣವರು, ಆ ಗೆರೆಯ ಕೆಳಗಿನವರು. ಅಂಥ ತೋಟಕ್ಕೆ ಬಾವುಟ ಹೋಗಲೇ ಇಲ್ಲ.

ಇನ್ನೊಂದು ಕಾರಣವೂ ಇತ್ತು. ಕೂಲಿ ದರದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಸಂಘ, ತೋಟದ ಬಾಗಿಲಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಟ್ಟದ್ದರ ಬಗ್ಗೆ ಮಾತಾಡುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಾಗ ಕೆಂಬಾವುಟದ ಹುಡುಗರು ಹಲವರು ಅತ್ತ ನಡೆದರು. ಕೂಲಿಗಿಂತ ಮುಂಚೆ ಇತ್ಯರ್ಥವಾಗಬೇಕಾದ್ದು ಅವರಿಗೆ ಬೇರೆ ಇತ್ತು.

ತೊಂಬತ್ತರ ದಶಕದಲ್ಲಿ ಕಾಫಿಯನ್ನು ಬೋರ್ಡೇ ಕೊಂಡು ಮಾರುವ ಪೂಲಿಂಗ್ ಹೋಗಿ ಮಾರುಕಟ್ಟೆ ಮುಕ್ತವಾಯಿತು. 2000ದ ಆಚೀಚೆ ಬೆಲೆ ಪಾತಾಳಕ್ಕಿಳಿಯಿತು. ನಿವೃತ್ತರಾದ ಕಾಯಂ ಆಳಿನ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ. ಈಗ ಲೈನ್‌ಮನೆಗಳಲ್ಲಿ ಅಸ್ಸಾಮಿನ, ಜಾರ್ಖಂಡಿನ ಸಂಸಾರಗಳಿವೆ. ಹಣ್ಣು ಬಿಡಿಸುವ ಕಾಲಕ್ಕೆ ಬಂದು ಮುಗಿದ ಮೇಲೆ ಹೋಗುವವರಿಗೆ ಯಾವ ಬ್ರಾಂಚಿನಲ್ಲಿ ರಸೀದಿ ಕೊಡುವುದು? ಸಂಘ ಬಿಟ್ಟರು ಎನ್ನುವ ಮಾತು ಇಲ್ಲಿ ಸಲ್ಲದು. ಸಂಘದಲ್ಲಿದ್ದವರಿಗೆ ವಯಸ್ಸಾಯಿತು, ಅಷ್ಟೇ.

ಇನ್ನು ಕಟ್ಟಡ ಕೆಲಸದವರು ಸಂಘಕ್ಕೆ ಸಾಲುಗಟ್ಟಿ ಸೇರುತ್ತಾರೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದೇನೆಂದು ದೃಢೀಕರಣ ತಂದರೆ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡು. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ ನೆರವು. ದೃಢೀಕರಣ ಕೊಡಬಲ್ಲವರಲ್ಲಿ ನೋಂದಾಯಿತ ಸಂಘವೂ ಒಂದು. ಗಾರೆಯವರು, ಸೆಂಟ್ರಿಂಗ್‌ನವರು ಕಾರ್ಡಿಗಾಗಿ ಬರುತ್ತಾರೆ, ಕಾರ್ಡು ಕೈಗೆ ಬಂದ ಮೇಲೆ ನವೀಕರಣದ ತನಕ ಮುಖ ತೋರಿಸುವುದಿಲ್ಲ ಎಂದು ಸಂಘದವರ ದೂರು. ರೈಲ್ವೆಯವರ ನಾಲ್ಕಾಣೆಗೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ.

ಲೋಕೋದವರು ಮಾಡಿದ್ದನ್ನು ಅರ್ಧ ಶತಮಾನದ ನಂತರ ಬಸ್ಸಿನವರು ಮಾಡಿದರು. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸಂಘಗಳ ಜೊತೆ ಮಾತಾಡಿ ಸಂಬಳ ಏರಿಸುವುದು ಪದ್ಧತಿ. ಎಐಟಿಯುಸಿಯ ಎಚ್.ವಿ. ಅನಂತಸುಬ್ಬರಾವ್ ಅವರ ಫೆಡರೇಷನ್ ಅದರ ಮುಂಚೂಣಿಯಲ್ಲಿತ್ತು. ಈ ದಾರಿಯಲ್ಲಿ ಸರ್ಕಾರಿ ನೌಕರರ ಸಂಬಳ ತಮಗೆಂದೂ ಸಿಗದು ಎಂದುಕೊಂಡ ಹೊಸ ತಲೆಮಾರಿನ ಡ್ರೈವರ್, ಕಂಡಕ್ಟರುಗಳು ವಾಟ್ಸ್ಯಾಪಿನಲ್ಲಿ ಒಗ್ಗೂಡಿ ನೌಕರರ ಕೂಟ ಎಂಬ ಹೊಸ ಸಂಘಟನೆಯ ಹಿಂದೆ ನಿಂತರು. ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಆಗ ಅದರ ಗೌರವಾಧ್ಯಕ್ಷರಾಗಿದ್ದರು. 2020ರ ಡಿಸೆಂಬರಿನಲ್ಲಿ ಕೆಲವು ದಿನ, 2021ರ ಏಪ್ರಿಲ್ 7ರಿಂದ 21ರ ತನಕ ಎರಡು ವಾರ ರಾಜ್ಯದಲ್ಲಿ ಕೆಂಪು ಬಸ್ಸುಗಳು ನಿಂತವು. ಆರನೆಯ ವೇತನ ಆಯೋಗದ ಸಂಬಳ ಬೇಕೆಂಬುದು ಬೇಡಿಕೆ. ಸರ್ಕಾರ ಖಾಸಗಿ ಬಸ್ಸುಗಳನ್ನು ಸರ್ಕಾರಿ ನಿಲ್ದಾಣದೊಳಗೇ ಬಿಟ್ಟಿತು. ಟ್ರೈನಿಗಳನ್ನು ಮೊದಲು ಮನೆಗೆ ಕಳಿಸಿತು, ನೂರಾರು ಮಂದಿಯನ್ನು ವಜಾ ಮಾಡಿತು, ದೂರದ ಡಿಪೋಗಳಿಗೆ ಎತ್ತಿ ಹಾಕಿತು. ಕೋವಿಡ್ಡಿನ ಎರಡನೆಯ ಅಲೆ, ಹೈಕೋರ್ಟಿನ ಮಾತು ಎರಡೂ ಸೇರಿ ಮುಷ್ಕರ ಮುಗಿಯಿತು. ಆಮೇಲೆ ವಜಾ ಆದವರ ಅರ್ಜಿ ಹಿಡಿದು ಓಡಾಡುವ ಕೆಲಸ ಬಿದ್ದಾಗ, ಬೈದು ಬಿಟ್ಟುಬಂದಿದ್ದ ಹಳೆಯ ಸಂಘಗಳ ಆಫೀಸು ಮತ್ತೆ ನೆನಪಾಯಿತು. ಕಾರ್ಮಿಕ ಕಾನೂನಿನ ಕಾಗದ ಬರೆಯಬಲ್ಲವರು ಅಲ್ಲಿದ್ದರು.

ರೈಲ್ವೆಯಲ್ಲಿ ಎರಡು ರಸೀದಿಯ ಆಟ ಈಗಿಲ್ಲ. 2007ರಿಂದ ಮಾನ್ಯತೆಗೆ ಗುಪ್ತ ಮತದಾನ. 2013ರಲ್ಲೊಮ್ಮೆ ಆಯಿತು, ಮತ್ತೆ ಆಗಲು 2024ರ ಡಿಸೆಂಬರ್ 4, 5, 6 ಬರಬೇಕಾಯಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಆದ ಮೇಲೆ ಅರಸೀಕೆರೆ ಅದರ ಮೈಸೂರು ವಿಭಾಗಕ್ಕೆ ಸೇರಿದೆ. ಮತ ಹಾಕಲು ಯಾವ ಸಂಘದ ಸದಸ್ಯನೂ ಆಗಿರಬೇಕಿಲ್ಲ, ನೌಕರನಾಗಿದ್ದರೆ ಸಾಕು. 2024ರ ಪ್ರಚಾರದಲ್ಲಿ ಎಲ್ಲ ಸಂಘಗಳ ಬಾಯಲ್ಲೂ ಇದ್ದದ್ದು ಹಳೆಯ ಪಿಂಚಣಿ: 2004ರಿಂದ ಈಚೆಗೆ ಸೇರಿದವರಿಗೆ ಇಲ್ಲದ್ದು. ನೌಕರರಲ್ಲಿ ಈಗ ಹೆಚ್ಚಿನವರು ಹಾಗೆ ಸೇರಿದವರು. 1974 ಅವರಿಗೆ ಅಜ್ಜನ ಕಾಲದ ಮಾತು.

ಅದೇ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಗುಡಿಸುವವರು, ಬೋಗಿ ತೊಳೆಯುವವರು ಆ ಮತಪಟ್ಟಿಯಲ್ಲಿ ಇರಲಿಲ್ಲ. ಅವರ ಯಜಮಾನ ರೈಲ್ವೆಯಲ್ಲ, ಗುತ್ತಿಗೆದಾರ. ಗುತ್ತಿಗೆಯ ಅವಧಿ ಮುಗಿದರೆ ಯಜಮಾನನೂ ಬದಲು. ಪಿ.ಎಫ್. ಹಣ ಜಮೆಯಾಯಿತೇ ಇಲ್ಲವೇ ಎಂದು ಕೇಳಲಿಕ್ಕೆ ಅವರಿಗೂ ಒಬ್ಬ ಬೇಕು. ದೊಡ್ಡ ಊರುಗಳಲ್ಲಿ ಪೌರಕಾರ್ಮಿಕರ, ಗುತ್ತಿಗೆ ಕಾರ್ಮಿಕರ ಸಂಘಗಳು ಅವರ ಹತ್ತಿರ ಹೋಗಲು ಶುರುಮಾಡಿವೆ, ಮಾನ್ಯತೆ ಇಲ್ಲದೆ, ಪಾಸಿಲ್ಲದೆ.